ಮನೆಯ ಕಂಪ್ಯೂಟರ್: ಬೇಡದ ಪಾತ್ರೆ ಒಲೆಯ ಮೇಲೇಕೆ?

ಮನೆಯ ಕಂಪ್ಯೂಟರ್ ನಿಧಾನವಾಯಿತೆಂದರೆ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ‘ವೈರಸ್ ಬಂದಿರಬೇಕು.’ ಇನ್ನೊಂದು, ‘ಫಾರ್ಮ್ಯಾಟ್ ಮಾಡಿಸಿಬಿಡಿ, ಹೊಸದರಂತೆ ಆಗುತ್ತದೆ.’ ಈ ಎರಡನೆಯ ಮಾತು ಕೇಳಲು ಸುಲಭ. ಆದರೆ ಫಾರ್ಮ್ಯಾಟ್ ಎಂದರೆ ಹಾರ್ಡ್ ಡಿಸ್ಕಿನ ಆ ಭಾಗವನ್ನು ಪೂರ್ತಿ ಖಾಲಿ ಮಾಡುವುದು. ಹೆಚ್ಚಿನ ಮನೆಗಳಲ್ಲಿ ಫೋಟೋಗಳು ಇರುವುದು ಡೆಸ್ಕ್‌ಟಾಪ್‌ನಲ್ಲಿ ಅಥವಾ ‘ಮೈ ಡಾಕ್ಯುಮೆಂಟ್ಸ್’ನಲ್ಲಿ. ಇವೆರಡೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುತ್ತವೆ. ಫಾರ್ಮ್ಯಾಟ್ ಮಾಡುವುದೂ ಅದನ್ನೇ! ಬೇರೆ ಕಡೆ ನಕಲು ತೆಗೆದಿಡದಿದ್ದರೆ ಮಗಳ ನಿಕಾಹಿನ ಫೋಟೋ, ತೀರಿಕೊಂಡ ಅಜ್ಜಿಯ ಧ್ವನಿ, ಮಕ್ಕಳ ಪ್ರಾಜೆಕ್ಟ್, ಮನೆಯ ಲೆಕ್ಕಪತ್ರ ಎಲ್ಲವೂ ಅದರೊಂದಿಗೇ ಹೋಗುತ್ತವೆ. ಹೋದ ಮೇಲೆ ಅಂಗಡಿಯವರನ್ನು ಬೈದು ಫಲವಿಲ್ಲ.

ಹಾಗಾದರೆ ನಿಧಾನವಾದ ಕಂಪ್ಯೂಟರಿಗೆ ಮದ್ದೇನು? ಮೊದಲು ರೋಗ ಯಾವುದೆಂದು ನೋಡಬೇಕು. ಎಷ್ಟೋ ಸಲ ಅಲ್ಲಿ ವೈರಸ್ ಇರುವುದೇ ಇಲ್ಲ. ನಾವೇ ಕೈಯಾರೆ ಹಾಕಿದ, ಅಥವಾ ಕಂಪ್ಯೂಟರಿನ ಜೊತೆಗೇ ಬಂದ ಒಳ್ಳೆಯ ತಂತ್ರಾಂಶಗಳೇ ಯಾರೂ ಕರೆಯದಿದ್ದರೂ ಬೆಳಗ್ಗೆ ಎದ್ದು ಕುಳಿತಿರುತ್ತವೆ. ಅಂಥವುಗಳಲ್ಲಿ ಹಳೆಯ ಪರಿಚಿತ ಹೆಸರೊಂದನ್ನು ಈ ಬಾರಿ ನೋಡೋಣ. ಅದು ಸಿಡಿ, ಡಿವಿಡಿ ರೈಟ್ ಮಾಡುವ ಸಾಫ್ಟ್‌ವೇರ್.

ಈಗ ಯಾರು ಸಿಡಿ ರೈಟ್ ಮಾಡುತ್ತಾರೆ ಎಂದು ನೀವು ಕೇಳಬಹುದು. ನಿಜ, ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಆದರೆ ಮಕ್ಕಳ ಓದಿಗೆಂದು ಉಳಿಸಿಕೊಂಡಿರುವ ಹಳೆಯ ಕಂಪ್ಯೂಟರ್ ಎಷ್ಟು ಮನೆಗಳ ಮೂಲೆಯಲ್ಲಿಲ್ಲ? ಕಪಾಟಿನಲ್ಲಿರುವ ಮದುವೆಯ ಸಿಡಿ, ಕುರ್‌ಆನ್ ಪಾರಾಯಣದ ಸಿಡಿ, ಗಲ್ಫಿನಿಂದ ಬಂದ ಮನೆಯವರ ವೀಡಿಯೋಗಳನ್ನು ನೋಡಲು ಇಂದಿಗೂ ಅದೇ ಬೇಕು. ಹೊಸದಾಗಿ ಯುಎಸ್‌ಬಿ ಡಿವಿಡಿ ರೈಟರ್ ಕೊಂಡವರ ಕಂಪ್ಯೂಟರಿಗೂ ಅದರೊಂದಿಗೆ ಬಂದ ಸಾಫ್ಟ್‌ವೇರ್ ಸೇರಿಕೊಂಡಿರುತ್ತದೆ.

ಯಾರಿದು ನೀರೋ?

ಖಾಲಿ ಸಿಡಿಯಲ್ಲಿ ಒಂದು ತೆಳುವಾದ ಬಣ್ಣದ ಪದರ ಇರುತ್ತದೆ. ಲೇಸರ್ ಕಿರಣ ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಆ ಗುರುತುಗಳೇ ನಮ್ಮ ಹಾಡು, ಫೋಟೋ, ವೀಡಿಯೋ. ಇದಕ್ಕೇ ‘ಬರ್ನ್ ಮಾಡುವುದು’ ಎಂಬ ಹೆಸರು ಬಂತು. ಒಂದು ಸಾಮಾನ್ಯ ಸಿಡಿಯಲ್ಲಿ 700 ಎಂಬಿ, ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಸಿಡಿ ಬರೆಯಲು ತಾನಾಗಿ ಬರುತ್ತಿತ್ತು, ಡಿವಿಡಿ ಬರೆಯಲು ಬರುತ್ತಿರಲಿಲ್ಲ. ಆದ್ದರಿಂದ ಬೇರೆ ಸಾಫ್ಟ್‌ವೇರ್ ಬೇಕಾಗುತ್ತಿತ್ತು. ನಮ್ಮ ಕಡೆ ಹೆಚ್ಚು ಕಾಣಿಸಿಕೊಂಡದ್ದು ಜರ್ಮನಿಯ ಕಂಪೆನಿಯೊಂದು ತಯಾರಿಸಿದ ‘ನೀರೋ ಬರ್ನಿಂಗ್ ರೋಮ್’. ರೋಮ್ ನಗರ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದನೆಂಬ ಗಾದೆಯ ಮಾತು ಎಲ್ಲರಿಗೂ ಗೊತ್ತು. ಸಿಡಿ ರೋಮ್ ಎಂಬ ಹೆಸರಿನಲ್ಲೂ ‘ರೋಮ್’ ಇದೆಯಲ್ಲ! ಆ ತಮಾಷೆಯಿಂದ ಹುಟ್ಟಿದ ಹೆಸರಿದು. ಡಿವಿಡಿ ರೈಟರ್ ಕೊಂಡಾಗ ಪೆಟ್ಟಿಗೆಯೊಳಗೆ ಇದರ ಒಂದು ಸಿಡಿಯೂ ಇರುವುದು ಆಗ ಸಾಮಾನ್ಯವಾಗಿತ್ತು. ಅಮೆರಿಕದ ರಾಕ್ಸಿಯೋ, ತೈವಾನಿನ ಸೈಬರ್‌ಲಿಂಕ್ ಕಂಪೆನಿಯ ‘ಪವರ್ ಟು ಗೋ’ ಇವೂ ಹೀಗೆಯೇ ಕಂಪ್ಯೂಟರಿನ ಜೊತೆ ಮನೆಗೆ ಬಂದವು.

ಸಿಡಿ ಬರೆದಾದ ಮೇಲೆ ಕಿಟಕಿ ಮುಚ್ಚಿದೆವು, ಕೆಲಸ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಅದರ ಕೆಲವು ತುಣುಕುಗಳು ಮುಗಿಸುವುದಿಲ್ಲ. ಕಂಪ್ಯೂಟರ್ ಆನ್ ಆದೊಡನೆ ಅವೂ ಎದ್ದೇಳುತ್ತವೆ. ನೀರೋವನ್ನೇ ತೆಗೆದುಕೊಳ್ಳಿ. ‘ನೀರೋ ಚೆಕ್’ ಎಂಬುದು ಬೇರೆ ಕಂಪೆನಿಯ ಇಂಥದೇ ಸಾಫ್ಟ್‌ವೇರಿನ ಜೊತೆ ತನಗೆ ಜಗಳ ಇದೆಯೇ ಎಂದು ನೋಡುತ್ತದೆ. 2005ರ ನೀರೋ 7ರ ಜೊತೆ ಬಂದ ‘ನೀರೋ ಸ್ಕೌಟ್’ ಹಾರ್ಡ್ ಡಿಸ್ಕನ್ನು ಸುತ್ತಾಡಿ ಹಾಡು, ಚಿತ್ರ, ವೀಡಿಯೋ ಎಲ್ಲಿವೆ ಎಂದು ಪಟ್ಟಿ ಮಾಡುತ್ತದೆ. ‘ಬ್ಯಾಕ್‌ಇಟ್‌ಅಪ್’ ಎಂಬುದರ ತುಣುಕು ನಕಲು ತೆಗೆಯುವ ಹೊತ್ತು ಬಂತೇ ಎಂದು ಗಡಿಯಾರ ನೋಡುತ್ತಾ ಕೂರುತ್ತದೆ. ‘ಇನ್‌ಸಿಡಿ’ ಎಂಬುದು ಮತ್ತೆ ಮತ್ತೆ ಬರೆಯಬಹುದಾದ ಸಿಡಿಯನ್ನು ಹಳೆಯ ಫ್ಲಾಪಿಯ ಹಾಗೆ ಬಳಸಲು ಅನುವು ಮಾಡುತ್ತದೆ. ರಾಕ್ಸಿಯೋದ ‘ಡೈರೆಕ್ಟ್ ಸಿಡಿ’ ಮತ್ತು ‘ಡ್ರ್ಯಾಗ್ ಟು ಡಿಸ್ಕ್’ ಮಾಡುವುದೂ ಇದೇ ಕೆಲಸ.

ಇವು ಯಾವುವೂ ಕಳ್ಳರಲ್ಲ. ಪ್ರತಿಯೊಂದಕ್ಕೂ ಒಂದು ಉದ್ದೇಶ ಇದೆ. ಆದರೆ ಆ ಉದ್ದೇಶ ನಿಮ್ಮದೇ? ವರ್ಷಕ್ಕೆರಡು ಸಲ ಸಿಡಿ ಬರೆಯುವವರಿಗೆ ದಿನವಿಡೀ ಈ ಪಹರೆ ಏಕೆ ಬೇಕು?

ಏನು ನಷ್ಟ?

ಈದ್‌ಗೋ ಮದುವೆಗೋ ಬಿರಿಯಾನಿ ಮಾಡಲು ದೊಡ್ಡ ಪಾತ್ರೆಯೊಂದು ಮನೆಯಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೊಳೆದು ಅಟ್ಟಕ್ಕೇರಿಸುತ್ತೇವೆ. ದಿನವೂ ಒಲೆಯ ಮೇಲೆ ಇಟ್ಟುಕೊಂಡರೆ ಚಹಾ ಕಾಯಿಸುವುದೆಲ್ಲಿ, ಗಂಜಿ ಬೇಯಿಸುವುದೆಲ್ಲಿ? ಹಾಗೆಂದು ಅದನ್ನು ಗುಜರಿಗೂ ಕೊಡುವುದಿಲ್ಲ. ಮುಂದಿನ ಈದ್ ಬರುತ್ತದಲ್ಲ!

ಕಂಪ್ಯೂಟರಿನ ಮೆಮೊರಿ, ಅಂದರೆ ರ್‍ಯಾಮ್, ಒಲೆಯ ಹಾಗೆ. ಅದರ ಮೇಲೆ ಜಾಗ ಇರುವಷ್ಟೇ ಕೆಲಸ ನಡೆಯುತ್ತದೆ. ಎಕ್ಸ್‌ಪಿಯ ಕಾಲದ ಎಷ್ಟೋ ಕಂಪ್ಯೂಟರುಗಳಲ್ಲಿ 256 ಅಥವಾ 512 ಎಂಬಿ ಮಾತ್ರ ಇರುತ್ತಿತ್ತು. ವಿಂಡೋಸ್ 11 ಹಾಕಬೇಕಾದರೆ ಕನಿಷ್ಠ 4 ಜಿಬಿ ಇರಬೇಕು. ಆದರೂ 4 ಜಿಬಿ ಇರುವ ಯಂತ್ರದಲ್ಲಿ ಬ್ರೌಸರ್ ತೆರೆದರೆ ಉಳಿಯುವ ಜಾಗ ಸ್ವಲ್ಪವೇ. ಜಾಗ ಸಾಲದಾದಾಗ ಕಂಪ್ಯೂಟರ್ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಹಾರ್ಡ್ ಡಿಸ್ಕ್ ಮೆಮೊರಿಗಿಂತ ಬಹಳ ನಿಧಾನ. ಕೆಂಪು ದೀಪ ಮಿನುಗುತ್ತಲೇ ಇರುತ್ತದೆ, ಮೌಸ್ ಕದಲುವುದಿಲ್ಲ. ನಾವು ‘ಹ್ಯಾಂಗ್ ಆಯಿತು’ ಎನ್ನುತ್ತೇವೆ.

ಇನ್ನೊಂದು ವಿಚಿತ್ರ ನೋಡಿ. ಹಿನ್ನೆಲೆಯಲ್ಲಿ ಓಡುವ ಇಂಥ ಕೆಲಸಗಳಿಂದ ಸಿಡಿ ಬರೆಯುವುದಕ್ಕೇ ತೊಂದರೆ. ನೀರ್‌ದೋಸೆ ಹಿಟ್ಟನ್ನು ಹೊಯ್ಯುವಾಗ ಮಧ್ಯದಲ್ಲಿ ಕೈ ನಿಂತರೆ ದೋಸೆ ಕೆಡುವ ಹಾಗೆ, ಹಳೆಯ ಸಿಡಿ ರೈಟರಿನಲ್ಲಿ ಮಾಹಿತಿಯ ಹರಿವು ಒಂದು ಕ್ಷಣ ನಿಂತರೂ ಸಿಡಿ ಹಾಳಾಗುತ್ತಿತ್ತು. 2000ದ ಸುಮಾರಿಗೆ ಜಪಾನಿನ ಸ್ಯಾನ್ಯೋ ಕಂಪೆನಿಯ ‘ಬರ್ನ್ ಪ್ರೂಫ್’ ಮತ್ತು ಅಂಥ ಬೇರೆ ತಂತ್ರಗಳು ಬಂದ ಮೇಲೆ, ನಿಂತ ಜಾಗದಿಂದ ಮುಂದುವರಿಸಲು ಯಂತ್ರಗಳು ಕಲಿತವು. ಆದರೂ ಬರೆಯುವ ಹೊತ್ತಿನಲ್ಲಿ ಬೇರೆ ಗದ್ದಲ ಇಲ್ಲದಿರುವುದೇ ಒಳ್ಳೆಯದು.

ಮೊದಲು ಹುಡುಕಿ

ಈಗ ಕೆಲಸಕ್ಕೆ ಕೈ ಹಾಕೋಣ. ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಇರಲಿ. ನೀವು ಬದಲಿಸಿದ ಪ್ರತಿಯೊಂದನ್ನೂ ಅದರಲ್ಲಿ ಬರೆಯಿರಿ. ನಾಳೆ ಏನಾದರೂ ಏರುಪೇರಾದರೆ ಹಿಂದಿನಂತೆ ಮಾಡಲು ಅದೇ ದಾರಿ.

ಮೊದಲು ಪರದೆಯ ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಪಕ್ಕ ನೋಡಿ. ಅಲ್ಲಿರುವ ಚಿಕ್ಕ ಚಿಕ್ಕ ಚಿತ್ರಗಳ ಮೇಲೆ ಮೌಸ್ ಇಟ್ಟರೆ ಹೆಸರು ಕಾಣಿಸುತ್ತದೆ. ಕೆಲವು ಅಡಗಿರಬಹುದು. ಪಕ್ಕದ ಬಾಣದ ಗುರುತನ್ನು ಒತ್ತಿದರೆ ಅವೂ ಹೊರಬರುತ್ತವೆ.

ಆಮೇಲೆ ಕೀಬೋರ್ಡಿನ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಪ್ರೋಸೆಸಸ್’ ಪಟ್ಟಿಯಲ್ಲಿ ಈಗ ಓಡುತ್ತಿರುವ ಎಲ್ಲದರ ಹೆಸರಿದೆ. ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬುದೂ ಇದೆ. ನೀರೋ, ರಾಕ್ಸಿಯೋ, ಸೈಬರ್‌ಲಿಂಕ್ ಎಂಬ ಹೆಸರು ಕಂಡರೆ ಗುರುತು ಹಾಕಿಕೊಳ್ಳಿ. ಹಳೆಯ ನೀರೋದ ಕೆಲವು ತುಣುಕುಗಳ ಹೆಸರು ಎನ್, ಎಂ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಸ್ಕೌಟ್‌ಗೆ ಪಟ್ಟಿ ಮಾಡಿಕೊಡುವವು ಅವೇ.

ಇಲ್ಲಿ ‘ಎಂಡ್ ಟಾಸ್ಕ್’ ಒತ್ತಿದರೆ ಆ ಕೆಲಸ ಈಗ ನಿಲ್ಲುತ್ತದೆ ನಿಜ. ಆದರೆ ನಾಳೆ ಕಂಪ್ಯೂಟರ್ ಹಾಕಿದರೆ ಮತ್ತೆ ಹಾಜರ್! ಅದು ಪಾತ್ರೆಯನ್ನು ಒಲೆಯಿಂದ ಒಂದು ಗಳಿಗೆ ಇಳಿಸಿದಂತೆ ಅಷ್ಟೇ. ಅಟ್ಟಕ್ಕೇರಿಸಲು ಬೇರೆ ಕ್ರಮ ಇದೆ. ನೆನಪಿರಲಿ, ಸಿಡಿ ಬರೆಯುತ್ತಿರುವಾಗ ಮಾತ್ರ ಎಂಡ್ ಟಾಸ್ಕ್ ಒತ್ತಲೇಬೇಡಿ. ಸಿಡಿ ಕೆಡುತ್ತದೆ.

ಅಟ್ಟಕ್ಕೇರಿಸುವ ಕ್ರಮ

ಒಂದು: ಅದನ್ನೇ ಕೇಳಿ ನೋಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ‘ಆಪ್ಷನ್ಸ್’, ‘ಸೆಟ್ಟಿಂಗ್ಸ್’ ಅಥವಾ ‘ಪ್ರಿಫರೆನ್ಸಸ್’ ಎಂಬ ಜಾಗ ಇರುತ್ತದೆ. ವಿಂಡೋಸ್ ಜೊತೆಗೇ ಶುರುವಾಗು ಎಂಬ ಅರ್ಥದ ಸಾಲು ಅಲ್ಲಿದ್ದರೆ ಅದರ ಮುಂದಿನ ಟಿಕ್ ಗುರುತನ್ನು ತೆಗೆದುಬಿಡಿ. ನೀರೋ 7 ಇರುವ ಹಳೆಯ ಕಂಪ್ಯೂಟರಿನಲ್ಲಿ ‘ಮೈ ಕಂಪ್ಯೂಟರ್’ ತೆರೆದರೆ ಡ್ರೈವ್‌ಗಳ ಜೊತೆ ನೀರೋ ಸ್ಕೌಟ್ ಎಂಬ ಚಿತ್ರವೂ ಕಾಣುತ್ತದೆ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಆಪ್ಷನ್ಸ್’ಗೆ ಹೋಗಿ, ಸ್ಕೌಟನ್ನು ಚಾಲೂ ಇಡುವ ಟಿಕ್ ತೆಗೆದರೆ ಅದರ ಸುತ್ತಾಟ ನಿಲ್ಲುತ್ತದೆ. ಸಿಡಿ ಬರೆಯಲು ಸ್ಕೌಟ್ ಬೇಕಾಗಿಯೇ ಇಲ್ಲ.

ಎರಡು: ಸ್ಟಾರ್ಟಪ್ ಪಟ್ಟಿ. ವಿಂಡೋಸ್ 8ರಿಂದ ಈಚೆಗೆ, ಅಂದರೆ 10 ಮತ್ತು 11ರಲ್ಲೂ, ಈ ಪಟ್ಟಿ ಟಾಸ್ಕ್ ಮ್ಯಾನೇಜರಿನಲ್ಲೇ ‘ಸ್ಟಾರ್ಟಪ್’ ಎಂಬ ಹೆಸರಿನಲ್ಲಿದೆ. ಬೆಳಗ್ಗೆ ತಾವಾಗಿ ಏಳುವವರ ಹಾಜರಿ ಪುಸ್ತಕ ಇದು. ಪ್ರತಿ ಹೆಸರಿನ ಮುಂದೆ ತಯಾರಿಸಿದ ಕಂಪೆನಿ ಯಾವುದು, ಅದರಿಂದ ಆರಂಭ ಎಷ್ಟು ನಿಧಾನವಾಗುತ್ತಿದೆ ಎಂಬುದೂ ಇರುತ್ತದೆ. ಬೇಡದ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಡಿಸೇಬಲ್’ ಆರಿಸಿ.

ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7ರಲ್ಲಿ ದಾರಿ ಬೇರೆ. ವಿಂಡೋಸ್ ಚಿತ್ರದ ಕೀಲಿ ಮತ್ತು ಆರ್ ಅಕ್ಷರವನ್ನು ಒಟ್ಟಿಗೆ ಒತ್ತಿದರೆ ‘ರನ್’ ಎಂಬ ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಎಂಬ ಎಂಟು ಇಂಗ್ಲಿಷ್ ಅಕ್ಷರಗಳನ್ನು ಎಡೆ ಬಿಡದೆ ಬರೆದು ಎಂಟರ್ ಒತ್ತಿ. ಬಂದ ಕಿಟಕಿಯ ‘ಸ್ಟಾರ್ಟಪ್’ ಪುಟದಲ್ಲಿ ಬೇಡದವುಗಳ ಮುಂದಿನ ಟಿಕ್ ತೆಗೆದು ‘ಅಪ್ಲೈ’, ‘ಓಕೆ’ ಕೊಡಿ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದಾಗ ಎಕ್ಸ್‌ಪಿಯಲ್ಲಿ ಒಂದು ಎಚ್ಚರಿಕೆಯ ಕಿಟಕಿ ಬರುತ್ತದೆ. ಹೆದರಬೇಡಿ. ನೀವು ಪಟ್ಟಿಯಲ್ಲಿ ಬದಲಾವಣೆ ಮಾಡಿದ್ದೀರಿ ಎಂದಷ್ಟೇ ಅದು ಹೇಳುವುದು. ಇನ್ನು ಮುಂದೆ ತೋರಿಸಬೇಡ ಎಂಬ ಸಾಲಿಗೆ ಟಿಕ್ ಹಾಕಿ ಓಕೆ ಒತ್ತಿ.

ಇಲ್ಲೊಂದು ಎಚ್ಚರಿಕೆ. ಹುರುಪಿನಲ್ಲಿ ಪಟ್ಟಿಯನ್ನೆಲ್ಲಾ ಅಳಿಸಿ ಹಾಕಬೇಡಿ. ಆಂಟಿ ವೈರಸ್, ಧ್ವನಿ, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಇವುಗಳ ಹೆಸರೂ ಅಲ್ಲೇ ಇರುತ್ತವೆ. ಏನೆಂದು ಗೊತ್ತಿಲ್ಲದ್ದನ್ನು ಮುಟ್ಟದಿರುವುದು ಜಾಣತನ. ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, ಎರಡು ದಿನ ನೋಡಿ, ಆಮೇಲೆ ಮುಂದಿನದು.

ಮೂರು: ಸರ್ವಿಸ್‌ಗಳು. ಕೆಲವು ತುಣುಕುಗಳು ಸ್ಟಾರ್ಟಪ್ ಪಟ್ಟಿಯಲ್ಲಿ ಇರುವುದಿಲ್ಲ. ಅವು ‘ಸರ್ವಿಸ್’ ಎಂಬ ಹೆಸರಿನಲ್ಲಿ ಇನ್ನೂ ಒಳಗಿನ ಕೋಣೆಯಲ್ಲಿರುತ್ತವೆ. ಅದೇ ರನ್ ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ‘ಸರ್ವಿಸಸ್’ ಎಂದು ಬರೆದು, ಒಂದು ಚುಕ್ಕಿ ಇಟ್ಟು, ಎಂ, ಎಸ್, ಸಿ ಎಂಬ ಮೂರು ಅಕ್ಷರ ಸೇರಿಸಿ ಎಂಟರ್ ಒತ್ತಿದರೆ ಅವುಗಳ ಪಟ್ಟಿ ಬರುತ್ತದೆ. ನೀರೋ ಬ್ಯಾಕ್‌ಇಟ್‌ಅಪ್, ನೀರೋ ಅಪ್‌ಡೇಟ್ ಎಂಬಂಥ ಹೆಸರು ಕಂಡರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಆಟೋಮ್ಯಾಟಿಕ್’ ಇದ್ದರೆ ‘ಮ್ಯಾನ್ಯುಯಲ್’ ಮಾಡಿ. ಮ್ಯಾನ್ಯುಯಲ್ ಎಂದರೆ ಕರೆದಾಗ ಬಾ ಎಂದರ್ಥ. ‘ಡಿಸೇಬಲ್ಡ್’ ಎಂದರೆ ಕರೆದರೂ ಬರಬೇಡ ಎಂದರ್ಥ. ನಮಗೆ ಬೇಕಾದದ್ದು ಮೊದಲನೆಯದು. ನೀವು ಬ್ಯಾಕ್‌ಇಟ್‌ಅಪ್‌ನಿಂದ ನಿಜವಾಗಿಯೂ ನಕಲು ತೆಗೆಯುತ್ತಿದ್ದರೆ ಮಾತ್ರ ಅದನ್ನು ಇದ್ದಂತೆ ಬಿಡಿ.

ವಿಂಡೋಸ್ ಎಕ್ಸ್‌ಪಿಯಲ್ಲಿ ‘ಇಮಾಪಿ ಸಿಡಿ ಬರ್ನಿಂಗ್’ ಎಂಬ ಸರ್ವಿಸ್ ಕೂಡ ಈ ಪಟ್ಟಿಯಲ್ಲಿದೆ. ಅದು ವಿಂಡೋಸಿನದೇ. ಮೊದಲೇ ಮ್ಯಾನ್ಯುಯಲ್ ಎಂದೇ ಇರುತ್ತದೆ. ಅದನ್ನು ಹಾಗೆಯೇ ಇರಲು ಬಿಡಿ.

ನಾಲ್ಕು: ಆಟೋ ಪ್ಲೇ. ಖಾಲಿ ಸಿಡಿ ಹಾಕಿದೊಡನೆ ದೊಡ್ಡ ಕಿಟಕಿಯೊಂದು ಎದ್ದು ಬರುತ್ತದೆಯೇ? ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗಳಲ್ಲಿ ‘ಕಂಟ್ರೋಲ್ ಪ್ಯಾನೆಲ್’ ತೆರೆದು ‘ಆಟೋ ಪ್ಲೇ’ಗೆ ಹೋಗಿ. ಖಾಲಿ ಸಿಡಿ, ಖಾಲಿ ಡಿವಿಡಿ ಎಂಬ ಸಾಲುಗಳ ಮುಂದೆ ‘ಟೇಕ್ ನೋ ಆಕ್ಷನ್’ ಎಂದು ಆರಿಸಿ ಸೇವ್ ಮಾಡಿ.

ಇನ್ನೊಂದು ಕಿರಿಕಿರಿಗೆ ನೀರೋ ಕಾರಣವೇ ಅಲ್ಲ. ಡಿಸ್ಕಿಗೆ ಬರೆಯಬೇಕಾದ ಫೈಲುಗಳು ಕಾದಿವೆ ಎಂಬ ಸಂದೇಶ ಕೆಲವು ಕಂಪ್ಯೂಟರುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾವಾಗಲೋ ಮಕ್ಕಳು ಕೈತಪ್ಪಿ ಯಾವುದೋ ಫೈಲನ್ನು ಸಿಡಿ ಡ್ರೈವಿನ ಮೇಲೆ ಎಳೆದಿರುತ್ತಾರೆ. ವಿಂಡೋಸ್ ಅದರ ಒಂದು ನಕಲನ್ನು ಎತ್ತಿಟ್ಟುಕೊಂಡು ಸಿಡಿಗಾಗಿ ಕಾಯುತ್ತಿರುತ್ತದೆ. ಮೈ ಕಂಪ್ಯೂಟರಿನಲ್ಲಿ ಆ ಡ್ರೈವನ್ನು ತೆರೆದು ಅಲ್ಲಿರುವುದೇನೆಂದು ನೋಡಿ, ‘ಡಿಲೀಟ್ ಟೆಂಪರರಿ ಫೈಲ್ಸ್’ ಕೊಟ್ಟರೆ ಸಂದೇಶ ನಿಲ್ಲುತ್ತದೆ.

ಗುಜರಿಗೆ ಹಾಕುವಾಗ ಜೋಕೆ

‘ನಮಗೆ ಇದು ಬೇಡವೇ ಬೇಡ, ತೆಗೆದೇ ಹಾಕುತ್ತೇವೆ’ ಎನ್ನುವವರೂ ಇದ್ದಾರೆ. ತೆಗೆಯಬಹುದು. ಆದರೆ ಸಿ ಡ್ರೈವಿನೊಳಗೆ ಹೋಗಿ ನೀರೋ ಎಂಬ ಫೋಲ್ಡರನ್ನು ಡಿಲೀಟ್ ಮಾಡುವುದು ತೆಗೆಯುವ ಕ್ರಮವಲ್ಲ. ಕಂಟ್ರೋಲ್ ಪ್ಯಾನೆಲಿನಲ್ಲಿ ಎಕ್ಸ್‌ಪಿಯಾದರೆ ‘ಆ್ಯಡ್ ಆರ್ ರಿಮೂವ್ ಪ್ರೋಗ್ರಾಮ್ಸ್’, ಆಮೇಲಿನವುಗಳಲ್ಲಿ ‘ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್’ ಎಂಬಲ್ಲಿಗೆ ಹೋಗಿ ‘ಅನ್‌ಇನ್‌ಸ್ಟಾಲ್’ ಮಾಡಬೇಕು.

ಕಾರಣ ಇದೆ. ಸಿಡಿ ಬರೆಯುವ ಸಾಫ್ಟ್‌ವೇರ್‌ಗಳು ವಿಂಡೋಸಿಗೂ ಸಿಡಿ ಡ್ರೈವಿಗೂ ನಡುವೆ ತಮ್ಮದೊಂದು ಬಾಗಿಲು ಕೂರಿಸುತ್ತವೆ. ‘ಫಿಲ್ಟರ್ ಡ್ರೈವರ್’ ಎಂದು ಅದರ ಹೆಸರು. ಡ್ರೈವಿಗೆ ಹೋಗುವ ಮಾತೆಲ್ಲಾ ಆ ಬಾಗಿಲಿನಿಂದಲೇ ಹೋಗಬೇಕು. ಫೋಲ್ಡರ್ ಅಳಿಸಿದಾಗ ಅಥವಾ ಅನ್‌ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ಬಾಗಿಲು ಹೋಗುತ್ತದೆ, ಆದರೆ ಬಾಗಿಲಿನಿಂದಲೇ ಹೋಗಬೇಕೆಂಬ ನಿಯಮ ವಿಂಡೋಸಿನ ಕಡತದಲ್ಲಿ ಉಳಿಯುತ್ತದೆ. ಆಗ ಮೈ ಕಂಪ್ಯೂಟರಿನಿಂದ ಸಿಡಿ ಡ್ರೈವೇ ಮಾಯ! ‘ಡಿವೈಸ್ ಮ್ಯಾನೇಜರ್’ನಲ್ಲಿ ಅದರ ಮೇಲೆ ಹಳದಿ ಗುರುತು, 39 ಅಥವಾ 31 ಎಂಬಂಥ ಕೋಡ್ ಸಂಖ್ಯೆ.

ಇಂಥ ಹೊತ್ತಿನಲ್ಲಿ ‘ಡ್ರೈವ್ ಹೋಗಿದೆ, ಹೊಸದು ಹಾಕಬೇಕು’ ಎಂದು ಯಾರಾದರೂ ಹೇಳಿದರೆ ಕೂಡಲೇ ದುಡ್ಡು ಬಿಚ್ಚಬೇಡಿ. ಡ್ರೈವಿನ ತಟ್ಟೆ ಗುಂಡಿ ಒತ್ತಿದರೆ ಹೊರಗೆ ಬರುತ್ತಿದೆ, ಸಾಫ್ಟ್‌ವೇರ್ ತೆಗೆಯುವ ತನಕ ಎಲ್ಲವೂ ಸರಿಯಿತ್ತು ಎಂದಾದರೆ ಕೆಟ್ಟಿರುವುದು ಡ್ರೈವ್ ಅಲ್ಲದಿರಬಹುದು. ‘ರಿಜಿಸ್ಟ್ರಿ’ ಎಂಬ ಕಡತದಲ್ಲಿ ಸಿಡಿ ಡ್ರೈವಿಗೆ ಸಂಬಂಧಿಸಿದ ‘ಅಪ್ಪರ್ ಫಿಲ್ಟರ್ಸ್’ ಮತ್ತು ‘ಲೋವರ್ ಫಿಲ್ಟರ್ಸ್’ ಎಂಬ ಎರಡು ಸಾಲುಗಳನ್ನು ತೆಗೆದರೆ ಡ್ರೈವ್ ಮರಳುತ್ತದೆ ಎಂದು ಮೈಕ್ರೋಸಾಫ್ಟ್ ತಾನೇ ಪರಿಹಾರ ಪ್ರಕಟಿಸಿತ್ತು. ರಿಜಿಸ್ಟ್ರಿಯಲ್ಲಿ ಒಂದು ಸಾಲು ತಪ್ಪಿದರೂ ಬೇರೆ ತೊಂದರೆಯಾದೀತು. ಆದ್ದರಿಂದ ಅದನ್ನು ತಿಳಿದವರಿಂದ ಮಾಡಿಸಿ. ಆದರೆ ಕೆಲಸಕ್ಕೆ ಕೊಡುವಾಗ ಈ ಎರಡು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಕೇಳುವವರು ತಿಳಿದವರೆಂದು ಗೊತ್ತಾದರೆ ಹೇಳುವವರೂ ಎಚ್ಚರದಿಂದ ಹೇಳುತ್ತಾರೆ.

ಹೇಳದೆ ಒಳಗೆ ಬಂದವರು

ಮನೆಯ ಕಂಪ್ಯೂಟರಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಒಮ್ಮೆ ಜಗತ್ತಿನಲ್ಲೆಲ್ಲಾ ಎದ್ದಿತ್ತು. ಅದಕ್ಕೆ ಕಾರಣವಾದದ್ದೂ ಸಿಡಿಯೇ.

ಹಾಡಿನ ಸಿಡಿಗಳನ್ನು ಜನ ನಕಲು ಮಾಡದಂತೆ ತಡೆಯಲು ಸೋನಿ ಬಿಎಂಜಿ ಎಂಬ ಸಂಗೀತ ಕಂಪೆನಿ 2005ರಲ್ಲಿ ತನ್ನ ಕೆಲವು ಸಿಡಿಗಳಲ್ಲಿ ಒಂದು ಸಾಫ್ಟ್‌ವೇರ್ ಸೇರಿಸಿ ಮಾರಿತು. ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ಒಳಗೆ ಸೇರಿಕೊಂಡು, ಯಾವ ಪಟ್ಟಿಯಲ್ಲೂ ಕಾಣದಂತೆ ಅಡಗಿ, ಹಿನ್ನೆಲೆಯಲ್ಲಿ ಓಡುತ್ತಲೇ ಇರುತ್ತಿತ್ತು. ಅದೇ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರಸ್ಸಿನೋವಿಚ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ತಮ್ಮ ಕಂಪ್ಯೂಟರಿನಲ್ಲೇ ಅದನ್ನು ಪತ್ತೆ ಹಚ್ಚಿ ಬಯಲು ಮಾಡಿದರು. ಅದನ್ನು ನೇರವಾಗಿ ಅಳಿಸಹೋದರೆ ಸಿಡಿ ಡ್ರೈವೇ ಕೆಲಸ ನಿಲ್ಲಿಸುತ್ತಿತ್ತು. ಮೇಲೆ ಹೇಳಿದ ಬಾಗಿಲಿನ ಕತೆಯೇ ಇಲ್ಲೂ. ದೊಡ್ಡ ಗದ್ದಲವಾಯಿತು. ಕಂಪೆನಿ ಆ ಸಿಡಿಗಳನ್ನು ಹಿಂದಕ್ಕೆ ಪಡೆಯಿತು. 2007ರ ಜನವರಿಯಲ್ಲಿ ಅಮೆರಿಕ ಸರಕಾರದ ವ್ಯಾಪಾರ ಆಯೋಗದೊಂದಿಗೆ ಆದ ಒಪ್ಪಂದದಂತೆ, ಕಂಪ್ಯೂಟರ್ ಕೆಟ್ಟ ಗ್ರಾಹಕರಿಗೆ 150 ಡಾಲರಿನ ತನಕ ಪರಿಹಾರ ಕೊಡಲು ಒಪ್ಪಿಕೊಂಡಿತು.

ನೀರೋದಂಥ ಸಾಫ್ಟ್‌ವೇರ್ ಹೀಗೆ ಅಡಗಿ ಕೂತಿಲ್ಲ, ಅದನ್ನು ಇದಕ್ಕೆ ಹೋಲಿಸುವುದು ನ್ಯಾಯವಲ್ಲ. ಆದರೆ ಮನೆಯೊಳಗೆ ಬರುವವರು ಬಾಗಿಲು ತಟ್ಟಿ, ಅನುಮತಿ ಕೇಳಿ ಬರಬೇಕೆಂದು ಮಕ್ಕಳಿಗೆ ಕಲಿಸುವ ನಾವು ಕಂಪ್ಯೂಟರಿನ ಬಾಗಿಲಲ್ಲಿ ಮಾತ್ರ ‘ನೆಕ್ಸ್ಟ್, ನೆಕ್ಸ್ಟ್, ಓಕೆ’ ಎಂದು ಒತ್ತುತ್ತಾ ಹೋಗುತ್ತೇವೆ. ಕೇಳುವ ಪ್ರಶ್ನೆಯನ್ನು ಓದುವುದೇ ಇಲ್ಲ. ಹೊಸ ಸಾಫ್ಟ್‌ವೇರ್ ಹಾಕುವಾಗ ‘ಕಸ್ಟಮ್’ ಎಂಬ ದಾರಿ ಇದ್ದರೆ ಅದನ್ನೇ ಆರಿಸಿ. ಯಾವ ಯಾವ ತುಣುಕು ಬೇಕೆಂದು ಅದು ಕೇಳುತ್ತದೆ. ಬೇಕಾದುದಕ್ಕೆ ಮಾತ್ರ ಟಿಕ್ ಇರಲಿ. ಉಚಿತವೆಂದು ಸಿಗುವವುಗಳಲ್ಲಂತೂ ಬ್ರೌಸರಿಗೆ ಅಂಟಿಕೊಳ್ಳುವ ಟೂಲ್‌ಬಾರ್, ಜಾಹೀರಾತು ಇಂಥವು ಜೊತೆಗೆ ಬರುವುದುಂಟು. ಅವುಗಳ ಟಿಕ್ ತೆಗೆಯುವ ಹಕ್ಕು ನಿಮ್ಮದು. ಈ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿ. ಮೊಬೈಲಿನಲ್ಲಿ ಆ್ಯಪ್ ಹಾಕುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಸಿಡಿ ಬರೆಯಲು ಏನು ಮಾಡಲಿ?

ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗಳು ಫೋಟೋ, ದಾಖಲೆಗಳನ್ನು ಸಿಡಿಗೂ ಡಿವಿಡಿಗೂ ತಾವಾಗಿಯೇ ಬರೆಯುತ್ತವೆ. ಫೈಲುಗಳನ್ನು ಆರಿಸಿ, ಬಲಗುಂಡಿ ಒತ್ತಿ, ‘ಸೆಂಡ್ ಟು’ ಎಂಬಲ್ಲಿ ಡಿವಿಡಿ ಡ್ರೈವನ್ನು ತೋರಿಸಿದರೆ ಉಳಿದದ್ದನ್ನು ಅದೇ ಕೇಳುತ್ತದೆ. ಕಾರಿನ ಪ್ಲೇಯರಿಗೆ ಬೇಕಾದ ಆಡಿಯೋ ಸಿಡಿಯನ್ನು ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್ ಬರೆದುಕೊಡುತ್ತದೆ. ಇಷ್ಟೇ ಸಾಕೆನ್ನುವವರಿಗೆ ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ. ಟಿವಿಯ ಪ್ಲೇಯರಿನಲ್ಲಿ ಓಡುವ ವೀಡಿಯೋ ಡಿವಿಡಿ ಮಾಡಬೇಕೆಂದಿದ್ದರೆ ಮಾತ್ರ ನೀರೋದಂಥದು ಬೇಕಾದೀತು. ಅದಕ್ಕಾಗಿಯೇ ಅಟ್ಟದಲ್ಲಿರಲಿ ಎಂದದ್ದು.

ಆದರೆ ಬರೆಯುವುದಕ್ಕಿಂತ ಈಗ ತುರ್ತಾದ ಕೆಲಸ ಬೇರೆ ಇದೆ. ಮನೆಯಲ್ಲಿ ಬರೆದ ಸಿಡಿಗಳು ಶಾಶ್ವತವಲ್ಲ. ಆ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಮಾಸುತ್ತದೆ. ಸಿಡಿಯ ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿಯೇ ಸೂಕ್ಷ್ಮ. ಮಾಹಿತಿ ಇರುವುದು ಆ ತೆಳುವಾದ ಲೇಪದ ಕೆಳಗೇ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ, ಚೀಟಿ ಅಂಟಿಸಿ ಕಿತ್ತರೆ ಅದು ಹಾಳಾಗುತ್ತದೆ. ಸಿಡಿ ಓಡುವ ಡ್ರೈವ್ ಮನೆಯಲ್ಲಿ ಇನ್ನೂ ಇದೆಯೆಂದರೆ ಮನೆಯ ಸಿಡಿಗಳನ್ನೆಲ್ಲಾ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಮದುವೆಯ ಹಳೆಯ ವೀಡಿಯೋ ಸಿಡಿಯಾದರೆ ಅದರೊಳಗೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಇರುತ್ತದೆ. ಡಿವಿಡಿಯಾದರೆ ‘ವೀಡಿಯೋ ಟಿಎಸ್’ ಎಂಬ ಫೋಲ್ಡರ್. ಅವನ್ನು ಇಡಿಯಾಗಿ ನಕಲು ಮಾಡಿದರೆ ‘ವಿಎಲ್‌ಸಿ’ ಎಂಬ ಉಚಿತ ಪ್ಲೇಯರಿನಲ್ಲಿ ನೋಡಬಹುದು. ನಕಲು ಎರಡು ಕಡೆ ಇರಲಿ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ.

ಇನ್ನೊಂದು ಕಿವಿಮಾತು. ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ಎಕ್ಸ್‌ಪಿ, ವಿಂಡೋಸ್ 7 ಇರುವ ಹಳೆಯ ಯಂತ್ರಗಳನ್ನು ಇಂಟರ್‌ನೆಟ್ಟಿಗೆ ಜೋಡಿಸದೆ ಸಿಡಿ ನೋಡಲು, ನಕಲು ತೆಗೆಯಲು, ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಬಳಸಿ. ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ.

ಇಷ್ಟೆಲ್ಲಾ ಮಾಡಿದ ಮೇಲೂ ಕಂಪ್ಯೂಟರ್ ನಿಧಾನವೇ ಇದ್ದರೆ ಕಾರಣ ಬೇರೆ ಇರಬಹುದು. ಹಾರ್ಡ್ ಡಿಸ್ಕ್ ತುಂಬಿರಬಹುದು, ಹಳತಾಗಿರಬಹುದು, ನಿಜವಾಗಿಯೂ ವೈರಸ್ ಇರಬಹುದು. ಆಗ ಅಂಗಡಿಗೆ ಒಯ್ಯಿರಿ. ಆದರೆ ಫೋಟೋಗಳ ನಕಲು ಬೇರೆ ಕಡೆ ಇದೆಯೆಂದು ಕಣ್ಣಾರೆ ನೋಡಿಕೊಳ್ಳುವ ತನಕ ಫಾರ್ಮ್ಯಾಟ್ ಎಂಬ ಮಾತಿಗೆ ಹೂಂ ಎನ್ನಬೇಡಿ.

ಸಹೋದರಿಯರೇ, ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ, ಯಾವ ಪಾತ್ರೆ ಎಂದು ಬೇಕಾಗುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನ ಒಳಗನ್ನೂ ಅದೇ ಕಣ್ಣಿನಿಂದ ನೋಡಿ. ಮೂರು ತಿಂಗಳಿಗೊಮ್ಮೆ ಸ್ಟಾರ್ಟಪ್ ಪಟ್ಟಿಯನ್ನು ತೆರೆದು ಹೊಸಬರು ಯಾರು ಬಂದಿದ್ದಾರೆಂದು ಪರಿಶೀಲಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ನೀವು ನಿಲ್ಲಿಸಿದ್ದು ಮತ್ತೆ ಎದ್ದಿರುವುದೂ ಉಂಟು. ಹತ್ತು ನಿಮಿಷದ ಕೆಲಸ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.